ಮೊದಲು ಊಹೆ, ಆಮೇಲೆ ಪ್ರಯೋಗ: ಪುಟ್ಟ ಮಕ್ಕಳಿಗೆ ವಿಜ್ಞಾನ ಕಲಿಸುವ ಬಗೆ

ಒಂದು, ಎರಡು, ಮೂರನೇ ತರಗತಿಗೆ ವಿಜ್ಞಾನ ಕಲಿಸಬೇಕು ಅಂದ ತಕ್ಷಣ ಹೆಚ್ಚಿನವರು ಹುಡುಕುವುದು ಪ್ರಯೋಗಗಳ ಪಟ್ಟಿಯನ್ನು. ಪಟ್ಟಿ ಬೇಕಾದಷ್ಟು ಸಿಗುತ್ತದೆ. ಕಷ್ಟ ಇರುವುದು ಪ್ರಯೋಗಕ್ಕೆ ಮುಂಚಿನ ಐದು ಹತ್ತು ನಿಮಿಷದಲ್ಲಿ. ಆ ಹೊತ್ತಿನಲ್ಲಿ ಪ್ರತಿ ಮಗುವೂ ಏನಾಗಬಹುದು ಅಂತ ತನ್ನ ಊಹೆ ಹೇಳಬೇಕು. ನಾವು ಅದನ್ನು ತಿದ್ದದೆ, ನಗದೆ, ಹಾಗೇ ಬರೆದುಕೊಳ್ಳಬೇಕು. ಇಷ್ಟು ಮಾಡಿದರೆ ಒಂದು ಲೋಟ ನೀರಿನಲ್ಲೂ ಒಳ್ಳೇ ಪಾಠವಾಗುತ್ತದೆ. ಇದನ್ನು ಬಿಟ್ಟರೆ ಎಷ್ಟು ಸಾಮಾನು ಹೊತ್ತು ತಂದರೂ ಅದು ಬರೀ ಜಾದೂ ಪ್ರದರ್ಶನ. ಮಕ್ಕಳು ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ ಅಷ್ಟೇ.

ನಾನು ಈ ವಯಸ್ಸಿನ ಮಕ್ಕಳಿಗೇ ಪಾಠ ಮಾಡುವವಳು. ನನ್ನ ಕ್ಲಾಸಿನಲ್ಲಿ ಹೇಗೆ ನಡೆಯುತ್ತದೋ ಹಾಗೇ ಬರೆಯುತ್ತೇನೆ. ಮನೆಯಲ್ಲಿ ಒಂದೇ ಮಗುವಿನ ಜೊತೆ ಕೂರುವವರಿಗೂ ಹೆಚ್ಚುಕಮ್ಮಿ ಇದೇ ಕ್ರಮ ಸಾಕು.

ತಲೆ ಖಾಲಿ ಇರುವುದಿಲ್ಲ

ಆರು ವರ್ಷದ ಮಗುವಿನ ಹತ್ತಿರ ಎಲ್ಲದಕ್ಕೂ ಒಂದು ಕಾರಣ ಇರುತ್ತದೆ. ಸೂರ್ಯನಿಗೆ ಜೀವ ಇದೆ, ಯಾಕೆಂದರೆ ದಿನಾ ನಡೆದುಕೊಂಡು ಹೋಗುತ್ತಾನೆ. ಗಿಡಕ್ಕೆ ಜೀವ ಇಲ್ಲ, ನಿಂತಲ್ಲೇ ನಿಂತಿದೆಯಲ್ಲ. ಭಾರದ್ದು ಮುಳುಗುತ್ತದೆ, ಹಗುರದ್ದು ತೇಲುತ್ತದೆ. ಮನುಷ್ಯ ಪ್ರಾಣಿ ಅಲ್ಲ, ಇರುವೆಯೂ ಅಲ್ಲ. ಪ್ರಾಣಿ ಅಂದರೆ ನಾಲ್ಕು ಕಾಲಿರಬೇಕು. ಸ್ವೆಟರ್ ಒಳಗೆ ಬಿಸಿ ತುಂಬಿದೆ.

ಇವೆಲ್ಲ ತಪ್ಪು, ನಿಜ. ಆದರೆ ಗಾಳಿಯಲ್ಲಿ ಹುಟ್ಟಿದ ತಪ್ಪುಗಳಲ್ಲ. ಮಗು ಸುತ್ತಮುತ್ತ ನೋಡಿ, ಯೋಚಿಸಿ, ತಾನೇ ಕಟ್ಟಿಕೊಂಡದ್ದು. ಹಾಗಾಗಿ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ.

ಸರಿಯಾದದ್ದನ್ನು ನಾವೇ ಹೇಳಿಬಿಟ್ಟರೆ ಆಯಿತಲ್ಲ, ಅನ್ನಿಸಬಹುದು. ಸ್ಟೆಲ್ಲಾ ವೋಸ್ನಿಯಾಡು ಮತ್ತು ವಿಲಿಯಂ ಬ್ರೂವರ್ ಎಂಬ ಇಬ್ಬರು ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಭೂಮಿಯ ಆಕಾರದ ಬಗ್ಗೆ ಮಾತಾಡಿಸಿ, ಅವರ ಉತ್ತರಗಳನ್ನು 1992ರಲ್ಲಿ ಪ್ರಕಟಿಸಿದರು. ಭೂಮಿ ದುಂಡಗಿದೆ ಅನ್ನುವುದು ಮಕ್ಕಳ ಬಾಯಲ್ಲೇನೋ ಇತ್ತು. ಕೆದಕಿ ಕೇಳಿದಾಗ ಬೇರೆಯೇ ಹೊರಬಂತು. ಕೆಲವರಿಗೆ ಅದು ತಟ್ಟೆಯಂಥ ದುಂಡು. ಕೆಲವರ ಪ್ರಕಾರ ಭೂಮಿ ಒಂದು ಟೊಳ್ಳು ಚೆಂಡು, ನಾವು ಅದರ ಒಳಗಿನ ಚಪ್ಪಟೆ ನೆಲದ ಮೇಲಿದ್ದೇವೆ. ಇನ್ನು ಕೆಲವರಿಗೆ ಎರಡು ಭೂಮಿ. ಆಕಾಶದಲ್ಲಿರುವ ದುಂಡಗಿನದು ಒಂದು, ಕಾಲ ಕೆಳಗಿನದು ಇನ್ನೊಂದು. ದೊಡ್ಡವರ ಮಾತಿಗೂ ಕಣ್ಣಿಗೆ ಕಾಣುವ ಚಪ್ಪಟೆ ನೆಲಕ್ಕೂ ಮಕ್ಕಳೇ ರಾಜಿ ಮಾಡಿಸಿಬಿಟ್ಟಿದ್ದರು!

ನಾವು ಹೇಳಿದ್ದು ಅವರ ತಲೆಯಲ್ಲಿ ಮೊದಲೇ ಇದ್ದದ್ದರ ಜೊತೆ ಸೇರಿ ಮೂರನೆಯದೇನೋ ಆಗುತ್ತದೆ. ಆ ಮೊದಲೇ ಇದ್ದದ್ದು ಏನು ಅಂತ ಗೊತ್ತಾಗದೆ ಪಾಠ ಶುರು ಮಾಡಬಾರದು. ಅದು ಗೊತ್ತಾಗುವುದು ಊಹೆಯಿಂದ.

ಒಂದು ಪಾಠ, ಮೊದಲಿಂದ ಕೊನೆತನಕ

ಐಸ್ ಮತ್ತು ಸ್ವೆಟರ್ ಪಾಠ ನನಗೆ ತುಂಬಾ ಇಷ್ಟ. ಅದನ್ನೇ ಬಿಡಿಸಿ ಹೇಳುತ್ತೇನೆ. ಇದು ಬಂದರೆ ಉಳಿದ ಪಾಠಗಳ ದಾರಿಯೂ ಇದೇ.

ಬೇಕಾಗಿರುವುದು ಒಂದೇ ಗಾತ್ರದ ಎರಡು ಐಸ್ ತುಂಡು, ಚಿಕ್ಕ ಪ್ಲಾಸ್ಟಿಕ್ ಚೀಲ ಎರಡು, ಎರಡು ತಟ್ಟೆ, ಒಂದು ದಪ್ಪ ಉಣ್ಣೆ ಸ್ವೆಟರ್. ಐಸನ್ನು ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಚೀಲ ಇಲ್ಲದಿದ್ದರೆ ಕರಗಿದ ನೀರು ಉಣ್ಣೆಗೆ ಇಳಿದು ಒದ್ದೆಯಾಗುತ್ತದೆ. ಒದ್ದೆ ಉಣ್ಣೆ ಬಿಸಿಯನ್ನು ಅಷ್ಟಾಗಿ ತಡೆಯುವುದಿಲ್ಲ, ಪಾಠ ಕೆಡುತ್ತದೆ.

ಎರಡೂ ತುಂಡನ್ನು ಎಲ್ಲರಿಗೂ ತೋರಿಸಿ. ಮುಟ್ಟಲು ಬಿಡಿ. ಆಮೇಲೆ ಒಂದೇ ಪ್ರಶ್ನೆ:

"ಒಂದು ತುಂಡಿಗೆ ಸ್ವೆಟರ್ ಸುತ್ತುತ್ತೀನಿ. ಇನ್ನೊಂದನ್ನ ಹಾಗೇ ಇಡ್ತೀನಿ. ಯಾವುದು ಮೊದಲು ಕರಗುತ್ತೆ?"

ಇಲ್ಲಿ ಕೈ ಎತ್ತಿಸಬೇಡಿ. ಕೈ ಎತ್ತಿ ಅಂದರೆ ಅರ್ಧ ಕ್ಲಾಸು ಚುರುಕು ಹುಡುಗಿಯ ಕೈ ನೋಡಿ ತನ್ನ ಕೈ ಎತ್ತುತ್ತದೆ. ನಾನು ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುತ್ತೇನೆ. ಸ್ವೆಟರ್ ಒಳಗಿನದು ಮೊದಲು ಕರಗುತ್ತದೆ ಅನ್ನುವವರು ಸ್ವೆಟರ್ ಚಿತ್ರ ಬರೆಯಬೇಕು, ಬರೀ ಐಸ್ ಮೊದಲು ಅನ್ನುವವರು ಚೌಕ ಬರೆಯಬೇಕು, ಎರಡೂ ಒಟ್ಟಿಗೆ ಅನ್ನುವವರು ಎರಡನ್ನೂ. ಬರೆದು ಮುಚ್ಚಿಡಬೇಕು. ಓದು ಬರಹ ಇನ್ನೂ ಕೈಗೆ ಬಾರದ ಮಗುವಿಗೂ ಇದು ಸಲೀಸು. ಆಮೇಲೆ ಚೀಟಿ ತೆರೆದು ಕಾರಣ ಕೇಳುತ್ತೇನೆ. ಹೇಳಿದ್ದನ್ನು ಅವರ ಮಾತಿನಲ್ಲೇ, ಹೆಸರಿನ ಸಮೇತ ಬೋರ್ಡಿನ ಮೇಲೆ ಬರೆಯುತ್ತೇನೆ:

"ಸ್ವೆಟರ್ ಹಾಕ್ಕೊಂಡ್ರೆ ನಂಗೆ ಸೆಕೆ ಆಗುತ್ತೆ. ಐಸಿಗೂ ಆಗುತ್ತೆ."

"ಎರಡೂ ಒಟ್ಟಿಗೆ ಮಿಸ್. ಎರಡೂ ಐಸೇ ಅಲ್ವಾ."

"ಐಸಿಗೆ ಚಳಿನೇ ಇಲ್ಲ, ಅದೇ ಚಳಿ."

ಮೂರನೆಯದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು ಅಂತ ನಿಮಗೂ ಗೊತ್ತಾಗದಿರಬಹುದು. ಬರೆಯಿರಿ, ಪರವಾಗಿಲ್ಲ. "ಸೆಕೆ" ಅಂದದ್ದನ್ನು "ಉಷ್ಣತೆ" ಮಾಡಬೇಡಿ. ಮಗು ಬೋರ್ಡ್ ನೋಡಿದಾಗ ಅದು ತನ್ನ ಮಾತು ಅಂತ ಗುರುತು ಸಿಗಬೇಕು. ಹೆಚ್ಚಿನ ಮಕ್ಕಳು ಸ್ವೆಟರ್ ಕಡೆಗೇ ವಾಲುತ್ತಾರೆ. ಯಾರಾದರೂ ಸರಿಯಾದ ಉತ್ತರ ಹೇಳಿದರೂ ನಿಮ್ಮ ಮುಖದಲ್ಲಿ ಅದು ಕಾಣಿಸಬಾರದು. ಮಕ್ಕಳು ನಮ್ಮ ಹುಬ್ಬು ಓದುವುದರಲ್ಲಿ ಪಳಗಿದವರು.

ಈಗ ಸುತ್ತಿ ಇಡಿ. ಸುಮಾರು ಅರ್ಧ ಗಂಟೆ ಬೇರೆ ಕೆಲಸ ಮಾಡಿಸಿ. ಆಗಾಗ ಬಿಚ್ಚಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಬಿಡಬೇಡಿ. ಬಿಚ್ಚಿದಾಗೆಲ್ಲ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಹೊರಗಿಟ್ಟ ತುಂಡು ಕಣ್ಣೆದುರೇ ಇರುತ್ತದೆ, ಅದು ಮುಕ್ಕಾಲು ಭಾಗ ನೀರಾದಾಗ ಸ್ವೆಟರ್ ಬಿಚ್ಚಿ. ಒಳಗಿನ ತುಂಡು ಇನ್ನೂ ದಪ್ಪಗೆ ಕೂತಿರುತ್ತದೆ.

ಆಗ ಕ್ಲಾಸಿನಲ್ಲಿ ಗದ್ದಲ ಏಳುತ್ತದೆ. ಏಳಲಿ. ಆ ಗದ್ದಲದಲ್ಲಿ ಒಬ್ಬರಾದರೂ ಹೇಳುತ್ತಾರೆ: "ಮಿಸ್, ನೀವು ಸ್ವೆಟರ್ ಒಳಗೆ ದೊಡ್ಡ ತುಂಡು ಇಟ್ರಿ!" ನನಗೆ ಬೇಕಾಗಿರುವುದು ಈ ಮಗುವೇ. "ಇಲ್ಲಪ್ಪ, ಎರಡೂ ಒಂದೇ ಇತ್ತು" ಅಂತ ಸಮಜಾಯಿಷಿ ಕೊಡಲು ಹೋಗಬೇಡಿ. "ಹೌದಾ? ಹಾಗಾದ್ರೆ ನಾಳೆ ತುಂಡು ನೀನೇ ಆರಿಸು" ಅನ್ನಿ. ಮರುದಿನ ಅವನೇ ಆರಿಸಲಿ, ಬೇಕಾದರೆ ಚಿಕ್ಕ ತುಂಡನ್ನೇ ಸ್ವೆಟರ್ ಒಳಗೆ ಇಡಲಿ.

ಎರಡನೇ ದಿನ ಇನ್ನೊಂದು ಕೆಲಸ ಮಾಡಿ. ಬೆಳಗ್ಗೆಯೇ ಒಂದು ಡಿಜಿಟಲ್ ಥರ್ಮಾಮೀಟರನ್ನು ಸ್ವೆಟರ್ ಒಳಗೆ, ಇನ್ನೊಂದನ್ನು ಮೇಜಿನ ಮೇಲೆ ಇಡಿ. ಜ್ವರ ನೋಡುವುದಲ್ಲ, ಕೋಣೆಯ ಉಷ್ಣತೆ ತೋರಿಸುವಂಥದ್ದು ಬೇಕು. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಎರಡರಲ್ಲೂ ಹೆಚ್ಚುಕಮ್ಮಿ ಒಂದೇ ಅಂಕಿ. ಸ್ವೆಟರ್ ಒಳಗೆ ಬಿಸಿ ಇಲ್ಲವೇ ಇಲ್ಲ! ಹಾಗಾದರೆ ಹಾಕಿಕೊಂಡಾಗ ಬೆಚ್ಚಗಾಗುವುದು ಯಾಕೆ? ಬಿಸಿ ಎಲ್ಲಿಂದ ಬಂತು? ಈ ಪ್ರಶ್ನೆಗೆ ಸ್ವಲ್ಪ ಹೊತ್ತು ಯಾರೂ ಉತ್ತರ ಕೊಡುವುದಿಲ್ಲ. ಆಮೇಲೆ ಒಬ್ಬರು ತಮ್ಮ ಎದೆ ಮುಟ್ಟಿಕೊಂಡು "ನನ್ನಿಂದ!" ಅನ್ನುತ್ತಾರೆ.

ನಾನು ಬಾಯಿಬಿಟ್ಟು ಪಾಠ ಮಾಡುವುದು ಅಲ್ಲಿ, ಒಂದೇ ವಾಕ್ಯ: "ಸ್ವೆಟರ್ ಬಿಸಿ ಕೊಡಲ್ಲ. ಬಿಸಿ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಹೋಗೋದನ್ನ ತಡೆಯುತ್ತೆ." ಶಾಖ ವಾಹಕ, ಅವಾಹಕ ಅನ್ನುವ ಪದಗಳು ಈಗ ಬೇಡ. ಮುಂದಿನ ತರಗತಿಗಳಲ್ಲಿ ಬರುತ್ತವೆ, ಆಗ ಈ ಐಸ್ ನೆನಪಾದರೆ ಸಾಕು.

ಬಾಯಿ ಮುಚ್ಚಿಕೊಂಡಿರುವ ಕೆಲಸ

ಇದು ಕೇಳಲು ಸುಲಭ, ಮಾಡಲು ಬಲು ಕಷ್ಟ. ಅಮೆರಿಕದ ಮೇರಿ ಬಡ್ ರೋ ಎಂಬ ಶಿಕ್ಷಣ ಸಂಶೋಧಕಿ ವಿಜ್ಞಾನ ತರಗತಿಗಳ ಧ್ವನಿಮುದ್ರಣಗಳನ್ನು ಕೇಳಿ ನೋಡಿದರು. ಟೀಚರುಗಳು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡು. ಅಷ್ಟರಲ್ಲಿ ಉತ್ತರ ಬರದಿದ್ದರೆ ಇನ್ನೊಬ್ಬರನ್ನು ಕೇಳುವುದು, ಇಲ್ಲವೇ ತಾವೇ ಹೇಳಿಬಿಡುವುದು. ಮೂರು ಸೆಕೆಂಡು ಅಥವಾ ಜಾಸ್ತಿ ಕಾದರೆ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುವವರು ಕಡಿಮೆಯಾದರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಿತು. ಅವರು ಈ ಕೆಲಸ ಪ್ರಕಟಿಸಿದ್ದು 1970ರ ದಶಕದಲ್ಲಿ. ಇವತ್ತಿಗೂ ಯಾವುದೇ ಕ್ಲಾಸಿನ ಬಾಗಿಲ ಬಳಿ ನಿಂತು ಕೇಳಿ, ಕಾಯುವವರು ಕಡಿಮೆ.

ಮೂರು ಸೆಕೆಂಡು ಕಾಯುವುದು ಹೇಗೆ? ಪ್ರಶ್ನೆ ಕೇಳಿದ ಮೇಲೆ ನಾನು ಮನಸ್ಸಿನಲ್ಲೇ ಒಂದು, ಎರಡು, ಮೂರು ಎಣಿಸುತ್ತೇನೆ. ಮಗು ಉತ್ತರ ಹೇಳಿ ಮುಗಿಸಿದ ಮೇಲೂ ಎಣಿಸುತ್ತೇನೆ. ಈ ಎರಡನೇ ಕಾಯುವಿಕೆ ಇನ್ನೂ ಮುಖ್ಯ. "ಕರಗುತ್ತೆ" ಅಂತ ಒಂದೇ ಪದ ಹೇಳಿ ನಿಲ್ಲಿಸಿದ ಮಗು, ನೀವು ಸುಮ್ಮನಿದ್ದರೆ, "ಯಾಕಂದ್ರೆ…" ಅಂತ ತಾನೇ ಮುಂದುವರಿಸುತ್ತದೆ.

"ವೆರಿ ಗುಡ್" ಅನ್ನುವುದನ್ನೂ ಇಲ್ಲಿ ಬಿಟ್ಟುಬಿಡಿ. ಹೊಗಳಬಾರದು ಅಂತಲ್ಲ. ಊಹೆ ನಡೆಯುವ ಹೊತ್ತಿನಲ್ಲಿ ಒಬ್ಬರಿಗೆ ವೆರಿ ಗುಡ್ ಸಿಕ್ಕಿದರೆ ಉಳಿದವರು ಆಟ ಮುಗಿಯಿತು ಅಂದುಕೊಂಡು ಯೋಚನೆ ನಿಲ್ಲಿಸುತ್ತಾರೆ. ಅದರ ಬದಲು "ಹೂಂ, ಮತ್ತೆ?", "ನಿನಗೆ ಹಾಗ್ಯಾಕೆ ಅನ್ನಿಸ್ತು?", "ಅವಳು ಹೇಳಿದ್ದು ನೀನು ಒಪ್ತೀಯಾ?" ಇಷ್ಟೇ ಸಾಕು.

ಊಹೆ ಕೈಕೊಡುವ ಕೆಲವು ಪಾಠಗಳು

ಮಕ್ಕಳ ಊಹೆ ಒಂದು ಕಡೆ, ನಡೆಯುವುದು ಇನ್ನೊಂದು ಕಡೆ. ಅಂಥ ಜಾಗ ಹುಡುಕಿಕೊಳ್ಳಬೇಕು. ಎಲ್ಲರ ಊಹೆಯೂ ಸರಿಯಾಗುವ ಪ್ರಯೋಗದಲ್ಲಿ ಕಲಿಯಲು ಏನೂ ಇಲ್ಲ.

ಒಂದು ತೆಳ್ಳನೆಯ ಸೂಜಿ, ಒಂದು ದಪ್ಪ ಮೇಣದಬತ್ತಿ. ಎರಡನ್ನೂ ಕೈಯಲ್ಲಿ ಕೊಟ್ಟು ಯಾವುದು ಭಾರ ಅಂತ ಕೇಳಿ. ಆಮೇಲೆ ನೀರಿಗೆ ಹಾಕಿ. ಭಾರದ ಬತ್ತಿ ತೇಲುತ್ತದೆ, ಹಗುರದ ಸೂಜಿ ಮುಳುಗುತ್ತದೆ. ನಂತರ ಮಕ್ಕಳು ಬೊಂಬೆ ಮಾಡುವ ಎಣ್ಣೆ ಜೇಡಿಮಣ್ಣಿನ ಉಂಡೆ. ಉಂಡೆಯಾಗಿ ಹಾಕಿದರೆ ಮುಳುಗುತ್ತದೆ. ಅದೇ ಮಣ್ಣನ್ನು ಅಂಚು ಎತ್ತರಿಸಿ ದೋಣಿ ಮಾಡಿದರೆ ತೇಲುತ್ತದೆ. ಯಾರ ದೋಣಿ ಎಷ್ಟು ಗೋಲಿ ಹೊರುತ್ತದೆ ಅಂತ ಪಂದ್ಯ ಇಟ್ಟರೆ ಒಂದು ಮಧ್ಯಾಹ್ನ ಹೋಗುವುದೇ ಗೊತ್ತಾಗುವುದಿಲ್ಲ. ಸಾಂದ್ರತೆ ಅನ್ನುವ ಪದ ನನ್ನ ಬಾಯಿಂದ ಬರುವುದಿಲ್ಲ. "ಭಾರ ಒಂದೇ ಅಲ್ಲ, ಆಕಾರನೂ ಲೆಕ್ಕ" ಅಂತ ಮಗು ಹೇಳಿದರೆ ಈ ವಯಸ್ಸಿಗೆ ಅದು ದೊಡ್ಡ ಮಾತು. ಒಂದು ಎಚ್ಚರ: "ಪ್ಲಾಸ್ಟಿಕ್ ತೇಲುತ್ತದೆ" ಅಂತ ಬರೆಸಬೇಡಿ. ಕೆಲವು ಪ್ಲಾಸ್ಟಿಕ್ ತೇಲುತ್ತವೆ, ಕೆಲವು ಮುಳುಗುತ್ತವೆ. ಅಯಸ್ಕಾಂತಕ್ಕೂ ಇದೇ ಮಾತು. ಲೋಹವೆಲ್ಲ ಅಂಟುವುದಿಲ್ಲ. ಕಬ್ಬಿಣ ಅಂಟುತ್ತದೆ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಅಂಟುವುದಿಲ್ಲ. ಸ್ಟೀಲ್ ಪಾತ್ರೆಗಳಲ್ಲಿ ಕೆಲವು ಅಂಟುತ್ತವೆ, ಕೆಲವು ಇಲ್ಲ. ಹಿಂದಿನ ದಿನ ಎಲ್ಲವನ್ನೂ ನೀವೇ ಒಮ್ಮೆ ಮಾಡಿ ನೋಡಿ.

ಐಸ್ ನೀರಿನ ಲೋಟದ ಹೊರಗೆ ಹನಿ ಕೂರುತ್ತದಲ್ಲ, ಅದನ್ನು ಕೇಳಿ. "ಒಳಗಿನ ನೀರು ಸೋರಿ ಬಂತು" ಅನ್ನುವುದೇ ಹೆಚ್ಚಿನವರ ಉತ್ತರ. ಹಾಗಾದರೆ ಒಳಗಿನ ನೀರಿಗೆ ಕೆಂಪು ಬಣ್ಣ ಹಾಕಿ, ಹೊರಗಿನ ಹನಿಯನ್ನು ಬಿಳಿ ಕಾಗದದಿಂದ ಒರೆಸಿಸಿ. ಕಾಗದ ಒದ್ದೆ, ಆದರೆ ಕೆಂಪಿಲ್ಲ. ಇಲ್ಲಿಗೆ ಪಾಠ ನಿಲ್ಲಿಸಿ, ಮರುದಿನದವರೆಗೆ ಹಾಗೇ ಬಿಡಿ. ಮಕ್ಕಳು ಅದನ್ನು ತಲೆಯಲ್ಲಿಟ್ಟುಕೊಂಡೇ ಮನೆಗೆ ಹೋಗಲಿ. ಗಾಳಿ ಒಣಗಿರುವ ದಿನ ಹನಿ ಸರಿಯಾಗಿ ಕೂರುವುದಿಲ್ಲ, ಹವೆಯಲ್ಲಿ ತೇವ ಇರುವ ದಿನ ನೋಡಿಕೊಂಡು ಮಾಡಿ.

ಕಾಗದ ಮತ್ತು ಪುಸ್ತಕ ಒಟ್ಟಿಗೆ ಬೀಳಿಸಿದರೆ ಪುಸ್ತಕ ಮೊದಲು. "ಭಾರ ಇದೆ ಅದಕ್ಕೇ." ಈಗ ಕಾಗದವನ್ನು ಉಂಡೆ ಕಟ್ಟಿ ಬೀಳಿಸಿ. ಭಾರ ಅಷ್ಟೇ ಇದೆ, ಆದರೆ ಬೇಗ ಬಿತ್ತು. ಆಮೇಲೆ ಪುಸ್ತಕಕ್ಕಿಂತ ಚಿಕ್ಕ ಕಾಗದವೊಂದನ್ನು ಪುಸ್ತಕದ ಮೇಲೆ ಮಲಗಿಸಿ, ಪುಸ್ತಕವನ್ನು ನೇರವಾಗಿ ಕೈಬಿಡಿ. ಎರಡೂ ಒಟ್ಟಿಗೇ ನೆಲ ಮುಟ್ಟುತ್ತವೆ. 1971ರಲ್ಲಿ ಅಪೊಲೊ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆ, ಒಂದು ಗರಿ ಒಟ್ಟಿಗೆ ಕೈಬಿಟ್ಟರು. ಗಾಳಿ ಇಲ್ಲದ ಕಡೆ ಎರಡೂ ಜೊತೆಯಾಗಿ ಬಿದ್ದವು. ಆ ವಿಡಿಯೊ ಇದೆ. ಆದರೆ ಮೊದಲೇ ತೋರಿಸಬೇಡಿ, ಕಾಗದದ ಆಟ ಎಲ್ಲ ಮುಗಿದ ಮೇಲೆ ತೋರಿಸಿ.

ನೆರಳಿನ ಪಾಠ ಎಲ್ಲರಿಗೂ ಗೊತ್ತಿರುವಂಥದ್ದೇ. ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೇ ಜಾಗದಲ್ಲಿ ನಿಲ್ಲಿಸಿ ಸೀಮೆಸುಣ್ಣದಿಂದ ನೆರಳಿನ ಸುತ್ತ ಗೆರೆ ಎಳೆಯುವುದು. ಪಾದದ ಗುರುತನ್ನೂ ಎಳೆದಿಡಿ, ಇಲ್ಲದಿದ್ದರೆ ಮತ್ತೆ ಅದೇ ಜಾಗ ಸಿಗುವುದಿಲ್ಲ. ನಾನು ಸೇರಿಸುವುದು ಇಷ್ಟು: ಬೆಳಗಿನ ಗೆರೆ ಎಳೆದ ಮೇಲೆ, ಮಧ್ಯಾಹ್ನದ ನೆರಳು ಎಲ್ಲಿಗೆ ಮುಟ್ಟಬಹುದು ಅಂತ ಪ್ರತಿಯೊಬ್ಬರೂ ಒಂದು ಕಲ್ಲು ಇಟ್ಟು ಒಳಗೆ ಬರಬೇಕು. ತನ್ನ ಕಲ್ಲು ಅಲ್ಲಿದೆ ಅಂದ ಮೇಲೆ ಮಧ್ಯಾಹ್ನ ಯಾರನ್ನೂ ಕರೆಯಬೇಕಾಗಿಲ್ಲ, ಅವರೇ ಓಡುತ್ತಾರೆ.

ಬೀಜದ ಪಾಠಕ್ಕೆ ಮೂರು ವಾರ ಕೊಡಿ

ಬೀಜ ಮೊಳೆಸುವುದನ್ನು ಎಲ್ಲ ಶಾಲೆಗಳಲ್ಲೂ ಮಾಡುತ್ತಾರೆ. ಮೊಳಕೆ ಬಂದ ದಿನವೇ ಮುಗಿಸಿಬಿಡುತ್ತಾರೆ. ನಿಜವಾದ ಪಾಠ ಅಲ್ಲಿಂದ ಶುರು.

ಪಾರದರ್ಶಕ ಪ್ಲಾಸ್ಟಿಕ್ ಲೋಟದ ಒಳಗೆ ಟಿಶ್ಯೂ ಕಾಗದ ಸುತ್ತಿ ತುಂಬಿ, ರಾತ್ರಿಯಿಡೀ ನೆನೆಸಿದ ಬೀನ್ಸ್ ಬೀಜವನ್ನು ಕಾಗದ ಮತ್ತು ಲೋಟದ ಗೋಡೆಯ ನಡುವೆ ಸಿಕ್ಕಿಸಿ. ಹೊರಗಿಂದ ಬೀಜ ಕಾಣಬೇಕು. ಕಾಗದ ಒದ್ದೆ ಇರಲಿ, ಬೀಜ ನೀರಿನಲ್ಲಿ ಮುಳುಗಿರಬಾರದು. ಮುಳುಗಿದರೆ ಗಾಳಿ ಸಿಗದೆ ಕೊಳೆಯುತ್ತದೆ. ಒಂದೊಂದು ಲೋಟಕ್ಕೆ ಮೂರು ನಾಲ್ಕು ಬೀಜ ಹಾಕಿ. ತನ್ನ ಒಂದೇ ಬೀಜ ಮೊಳೆಯದಿದ್ದರೆ ಮಗು ಅಳುತ್ತದೆ, ಪಾಠ ನಡೆಯುವುದಿಲ್ಲ.

ಬೇರು ಒಂದು ಬೆರಳಿನಷ್ಟು ಇಳಿದ ಮೇಲೆ ಕೇಳಿ: "ಲೋಟ ಅಡ್ಡ ಮಲಗಿಸಿದ್ರೆ ಬೇರು ಯಾವ ಕಡೆ ಹೋಗುತ್ತೆ?" ಚಿತ್ರ ಬರೆಸಿ. ಹೇಗಿತ್ತೋ ಹಾಗೇ ನೇರ ಹೋಗುತ್ತದೆ ಅಂತ ಬರೆಯುವವರೇ ಜಾಸ್ತಿ. ಒಂದೆರಡು ದಿನದಲ್ಲಿ ಬೇರಿನ ತುದಿ ಬಾಗಿ ಮತ್ತೆ ಕೆಳಗೇ ಇಳಿಯುತ್ತದೆ.

ಇನ್ನೊಂದು ಗುಂಪಿನ ಲೋಟವನ್ನು ಮೊದಲ ದಿನದಿಂದಲೇ ಕತ್ತಲ ಕಪಾಟಿನಲ್ಲಿ ಇಡಿ. "ಬೆಳಕಿಲ್ದೆ ಮೊಳೆಯಲ್ಲ" ಅನ್ನುವುದು ಕ್ಲಾಸಿನ ಊಹೆ. ಅದು ಮೊಳೆಯುತ್ತದೆ. ಮೊಳೆಯುವುದಷ್ಟೇ ಅಲ್ಲ, ಬೆಳಕಿನಲ್ಲಿ ಇಟ್ಟದ್ದಕ್ಕಿಂತ ಉದ್ದ ಆಗುತ್ತದೆ! ಇಲ್ಲಿ ಒಂದು ಗುಂಡಿ ಇದೆ. ಈ ದಿನವೇ ಪಾಠ ನಿಲ್ಲಿಸಿದರೆ ಮಕ್ಕಳು "ಗಿಡಕ್ಕೆ ಕತ್ತಲೇ ಒಳ್ಳೇದು" ಅಂತ ತೀರ್ಮಾನ ಮಾಡುತ್ತಾರೆ. ಅವರ ಲೆಕ್ಕದಲ್ಲಿ ಉದ್ದ ಇರುವವನೇ ಗೆದ್ದವನು. ಹಾಗಾಗಿ ಬಣ್ಣ ನೋಡಿಸಿ, ಕಾಂಡ ಮುಟ್ಟಿಸಿ. ಕತ್ತಲಿನದು ಹಳದಿ, ಸಣಕಲು, ಎಲೆ ಚಿಕ್ಕದು. ಇನ್ನೂ ಇಡಿ. ಬೀಜದಲ್ಲಿ ಕೂಡಿಟ್ಟಿದ್ದ ಆಹಾರ ಮುಗಿದ ಮೇಲೆ ಅದು ಸೋತು ಬೀಳುತ್ತದೆ. ಅದಕ್ಕೇ ಮೂರು ವಾರ ಬೇಕು ಅಂದದ್ದು.

ಬೆಳವಣಿಗೆ ಅಳೆಯಲು ಸ್ಕೇಲ್ ಬೇಡ. ಎರಡು ಮೂರು ದಿನಕ್ಕೊಮ್ಮೆ ಗಿಡದ ಎತ್ತರಕ್ಕೆ ಸರಿಯಾಗಿ ಕಾಗದದ ಪಟ್ಟಿ ಕತ್ತರಿಸಿ, ತಾರೀಖು ಬರೆದು, ಗೋಡೆಯ ಮೇಲೆ ಸಾಲಾಗಿ ಅಂಟಿಸಿ. ಸಾಲು ಮುಗಿಯುವ ಹೊತ್ತಿಗೆ ಅದೇ ಒಂದು ಗ್ರಾಫ್. ಮಕ್ಕಳಿಗೆ ಗ್ರಾಫ್ ಅನ್ನುವ ಹೆಸರೂ ಹೇಳಬೇಕಾಗಿಲ್ಲ. "ಇಲ್ಲಿ ಜೋರಾಗಿ ಬೆಳೆದಿದೆ, ಇಲ್ಲಿ ನಿಂತುಬಿಟ್ಟಿದೆ" ಅಂತ ಬೆರಳಿಟ್ಟು ತೋರಿಸುತ್ತಾರೆ.

ಒಂದೇ ವಸ್ತುವಿನ ಮೇಲೆ ಇಷ್ಟು ದಿನ ಯಾಕೆ ಅಂತ ಕೇಳುವವರಿಗೆ ನಾನು ಮೈಕೆಲ್ ಫ್ಯಾರಡೆಯ ಉದಾಹರಣೆ ಕೊಡುತ್ತೇನೆ. 1860ರ ಕ್ರಿಸ್‌ಮಸ್ ಸಮಯದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಅವರು ಎಳೆಯರಿಗಾಗಿ ಶುರು ಮಾಡಿದ ಸರಣಿಯಲ್ಲಿ ಆರು ಉಪನ್ಯಾಸ ಇದ್ದವು. ಆರೂ ಒಂದು ಮೇಣದಬತ್ತಿಯ ಮೇಲೆ.

ಜ್ವಾಲಾಮುಖಿಯ ಬಗ್ಗೆ ನನ್ನ ತಕರಾರು

ವಿನೆಗರ್, ಅಡುಗೆ ಸೋಡಾ, ಕೆಂಪು ಬಣ್ಣ, ಮಣ್ಣಿನ ಗುಡ್ಡ. ನೊರೆ ಉಕ್ಕುತ್ತದೆ, ಫೋಟೊ ಚೆನ್ನಾಗಿ ಬರುತ್ತದೆ. ಮಗು ಏನು ಕಲಿತಿತು? ಜ್ವಾಲಾಮುಖಿಯ ಒಳಗೆ ಸೋಡಾ ಇದೆ ಅಂತ. ನಿಜವಾದ ಜ್ವಾಲಾಮುಖಿಯಲ್ಲಿ ಕರಗಿದ ಕಲ್ಲು, ಅದರೊಳಗಿನ ಅನಿಲ ಉಕ್ಕಿ ಬರುತ್ತವೆ. ಎರಡಕ್ಕೂ ಸಂಬಂಧವಿಲ್ಲ.

ಅದೇ ಸಾಮಾನನ್ನು ಗುಡ್ಡ ಇಲ್ಲದೆ ಬಳಸಿ. ಬಾಟಲಿಯಲ್ಲಿ ವಿನೆಗರ್, ಬಲೂನಿನಲ್ಲಿ ಒಂದು ಚಮಚ ಸೋಡಾ. ಬಲೂನನ್ನು ಬಾಟಲಿಯ ಬಾಯಿಗೆ ಹಾಕಿ ಎತ್ತಿ ಹಿಡಿದರೆ ಸೋಡಾ ಒಳಗೆ ಬಿದ್ದು ಬಲೂನು ಉಬ್ಬುತ್ತದೆ. ಸೋಡಾ ಎರಡು ಚಮಚ ಹಾಕಿದರೆ? ಮೂರು ಹಾಕಿದರೆ? ಒಂದು ಹಂತದ ಮೇಲೆ ಸೋಡಾ ಜಾಸ್ತಿ ಹಾಕಿದರೂ ಬಲೂನು ಜಾಸ್ತಿ ಉಬ್ಬುವುದಿಲ್ಲ. ಇದರಲ್ಲಿ ಊಹೆ ಮಾಡಲು ಏನಾದರೂ ಇದೆ.

"ಮೋಸ ಮಿಸ್!"

ಒಂದು ಪ್ರಯೋಗದಲ್ಲಿ ಒಂದನ್ನೇ ಬದಲಾಯಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು. ಇದನ್ನು ಏಳು ವರ್ಷದ ಮಗುವಿಗೆ ನಿಯಮವಾಗಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಆದರೆ ಆಟದಲ್ಲಿ ಯಾರು ಮೋಸ ಮಾಡಿದರು ಅನ್ನುವುದು ಅವರಿಗೆ ಕೂಡಲೇ ಗೊತ್ತಾಗುತ್ತದೆ. ಅದನ್ನೇ ಬಳಸಿಕೊಳ್ಳಿ.

ಒಂದು ಹಲಗೆಯನ್ನು ಪುಸ್ತಕಗಳ ಮೇಲೆ ಓರೆಯಾಗಿ ಇಟ್ಟು ಆಟದ ಕಾರು ಬಿಡಿ. ಮುಂದೆ ಒಮ್ಮೆ ಬಟ್ಟೆ ಹಾಸಿ, ಒಮ್ಮೆ ಉಪ್ಪುಕಾಗದ, ಒಮ್ಮೆ ಬರೀ ನೆಲ. ಕಾರು ಎಲ್ಲಿ ದೂರ ಹೋಗುತ್ತದೆ? ಎರಡನೇ ಸರದಿ ಬರುವಷ್ಟರಲ್ಲಿ ಕಿರುಚಾಟ ಶುರುವಾಗುತ್ತದೆ. "ಮೋಸ ಮಿಸ್, ಅವನು ತಳ್ಳಿದ!" "ಇವಳು ಇನ್ನೊಂದು ಪುಸ್ತಕ ಇಟ್ಲು!" ನಾನು ಬೋರ್ಡಿನ ಮೇಲೆ "ಮೋಸ" ಅಂತ ತಲೆಬರಹ ಹಾಕಿ ಅವರು ಹೇಳಿದ್ದೆಲ್ಲ ಬರೆಯುತ್ತೇನೆ. ತಳ್ಳಬಾರದು, ಬೇರೆ ಕಾರು ಬಿಡಬಾರದು, ಪುಸ್ತಕ ಅಷ್ಟೇ ಇರಬೇಕು, ಅಳೆಯುವಾಗ ಕಾರಿನ ಮೂತಿಯಿಂದಲೇ ಅಳೆಯಬೇಕು. ಆ ಪಟ್ಟಿ ವರ್ಷಪೂರ್ತಿ ಕೆಲಸಕ್ಕೆ ಬರುತ್ತದೆ. ಮುಂದಿನ ಯಾವುದೇ ಪ್ರಯೋಗಕ್ಕೆ ಮುಂಚೆ "ಇದರಲ್ಲಿ ಮೋಸ ಎಲ್ಲೆಲ್ಲಿ ಆಗಬಹುದು?" ಅಂತ ಕೇಳಿದರೆ ಸಾಕು.

ನೀರು ಅಳೆಯುವಾಗ ಒಂದು ಮಾತು. ಒಂದೇ ಥರದ ಲೋಟಗಳನ್ನೇ ಬಳಸಿ. ಅಷ್ಟೇ ನೀರನ್ನು ಉದ್ದನೆಯ ತೆಳ್ಳಗಿನ ಲೋಟಕ್ಕೆ ಸುರಿದರೆ ನೀರು ಜಾಸ್ತಿ ಆಯಿತು ಅಂತ ಚಿಕ್ಕ ಮಕ್ಕಳು ನಂಬುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಇದನ್ನು ಎಷ್ಟೋ ಹಿಂದೆಯೇ ತೋರಿಸಿದ್ದಾರೆ. ಸುಮಾರು ಏಳು ವರ್ಷದ ಹೊತ್ತಿಗೆ ಇದು ತಾನಾಗಿ ಸರಿಹೋಗುತ್ತಾ ಬರುತ್ತದೆ, ಅದಕ್ಕಾಗಿ ಗುದ್ದಾಡಬೇಡಿ.

ಬರೆಯುವುದು, ಬಿಡಿಸುವುದು

ಈ ವಯಸ್ಸಿನಲ್ಲಿ ನೋಟ್ಸ್ ಬರೆಸುವುದು ದಂಡ. ಚಿತ್ರ ಬಿಡಿಸಲಿ. ಆದರೆ ಎರಡು ಸಲ. ಮೊದಲು ನೋಡದೆ ಒಂದು ಇರುವೆ ಬಿಡಿಸಲು ಹೇಳಿ. ನಾಲ್ಕು ಕಾಲು, ನಗುವ ಬಾಯಿ, ಹೊಟ್ಟೆಯಿಂದ ಹೊರಟ ಕಾಲು, ಎಲ್ಲ ಬರುತ್ತದೆ. ಆಮೇಲೆ ಮುಚ್ಚಳ ಇರುವ ಪಾರದರ್ಶಕ ಡಬ್ಬಿಯಲ್ಲಿ ನಿಜವಾದ ಇರುವೆ ಕೊಡಿ, ಭೂತಗನ್ನಡಿ ಕೊಡಿ. ಗನ್ನಡಿಯನ್ನು ಕಣ್ಣಿನ ಹತ್ತಿರ ಹಿಡಿದು, ಡಬ್ಬಿಯನ್ನು ಗನ್ನಡಿಯ ಹತ್ತಿರ ತರಬೇಕು ಅಂತ ತೋರಿಸಿಕೊಡಿ. ಮಕ್ಕಳು ಕೈ ಚಾಚಿ ಹಿಡಿಯುತ್ತಾರೆ, ಏನೂ ಕಾಣಿಸುವುದಿಲ್ಲ. ಈಗ ಎರಡನೇ ಚಿತ್ರ. "ಕಾಲು ಎಷ್ಟು? ಎಲ್ಲಿಂದ ಹೊರಟಿವೆ?" ಅಂತಷ್ಟೇ ಕೇಳಿ. ಆರು ಕಾಲು, ಆರೂ ಮೈಯ ನಡುಭಾಗದಿಂದ. ಇದನ್ನು ಕಂಡುಹಿಡಿದ ಹುಡುಗಿ ನಿಮ್ಮನ್ನು ಕೈಹಿಡಿದು ಎಳೆದುಕೊಂಡು ಹೋಗಿ ತೋರಿಸುತ್ತಾಳೆ. ಎರಡೂ ಚಿತ್ರ ಒಂದೇ ಹಾಳೆಯಲ್ಲಿ ಇರಲಿ. ಮೊದಲನೆಯದನ್ನು ಅಳಿಸಲು ಬಿಡಬೇಡಿ. ಕೆಲಸ ಮುಗಿದ ಮೇಲೆ ಇರುವೆಯನ್ನು ಹಿಡಿದ ಜಾಗದಲ್ಲೇ ಬಿಟ್ಟು ಬನ್ನಿ.

ಕ್ಲಾಸು ಹತೋಟಿಯಲ್ಲಿರಲು

ಗುಂಪಿಗೆ ನಾಲ್ಕು ಜನ, ಜಾಸ್ತಿ ಬೇಡ. ಐದನೆಯವರು ಸುಮ್ನೆ ನೋಡುತ್ತಾ ಕೂರುತ್ತಾರೆ. ಸಾಮಾನು ಮೊದಲೇ ಕೊಡಬೇಡಿ, ಕೈಯಲ್ಲಿ ನೀರು ಸಿಕ್ಕ ಮೇಲೆ ನಿಮ್ಮ ಮಾತು ಯಾರಿಗೂ ಕೇಳಿಸುವುದಿಲ್ಲ. ಊಹೆ ಮುಗಿದ ಮೇಲೇ ಹಂಚಿ. ನೀರಿನ ಪಾಠ ಇದ್ದರೆ ಒರೆಸುವ ಬಟ್ಟೆಯೂ ಗುಂಪಿಗೊಂದು.

ಗಾಜು, ಪಾದರಸದ ಥರ್ಮಾಮೀಟರ್ ಬೇಡ. ಸೂರ್ಯನನ್ನು ನೇರ ನೋಡುವುದು ಬೇಡ, ಕಪ್ಪು ಕನ್ನಡಕ ಹಾಕಿಕೊಂಡೂ ಬೇಡ, ಭೂತಗನ್ನಡಿಯಲ್ಲಂತೂ ಬೇಡವೇ ಬೇಡ. ಬಲ್ಬು ಬೆಳಗಿಸುವ ಪಾಠಕ್ಕೆ 1.5 ವೋಲ್ಟಿನ ಟಾರ್ಚ್ ಸೆಲ್ ಸಾಕು, ಗೋಡೆಯ ಪ್ಲಗ್ಗಿನ ಹತ್ತಿರ ಯಾರೂ ಸುಳಿಯಬಾರದು ಅಂತ ಪ್ರತಿ ಸಲವೂ ಹೇಳಿ. ಬೀಜ, ಮಣಿ, ಗೋಲಿ ಮೂಗಿಗೆ, ಕಿವಿಗೆ, ಬಾಯಿಗೆ ಹೋಗುವ ವಸ್ತುಗಳು, ಎಣಿಸಿ ಕೊಟ್ಟು ಎಣಿಸಿ ವಾಪಸ್ ತೆಗೆದುಕೊಳ್ಳಿ. ಸೂಜಿ ನಿಮ್ಮ ಕೈಯಲ್ಲೇ ಇರಲಿ, ಮುಟ್ಟಿ ನೋಡುವಾಗಲೂ ಪಕ್ಕದಲ್ಲಿರಿ. ಗುಂಡಿಯಂಥ ಚಪ್ಪಟೆ ಸೆಲ್, ಚಿಕ್ಕ ಬಲವಾದ ಅಯಸ್ಕಾಂತ ಇವೆರಡು ಕ್ಲಾಸಿನೊಳಗೇ ಬರಬಾರದು. ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಹುದು. ಎರಡು ಅಯಸ್ಕಾಂತ ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಎಳೆದು ಕರುಳನ್ನು ಹಿಸುಕುತ್ತವೆ. ಅಂಗೈಯಷ್ಟು ದೊಡ್ಡ ಅಯಸ್ಕಾಂತ ಬಳಸಿ.

ಕೆಲವೊಮ್ಮೆ ಪ್ರಯೋಗ ಹೇಳಿದ ಹಾಗೆ ಕೇಳುವುದಿಲ್ಲ. ಎರಡು ಐಸೂ ಒಟ್ಟಿಗೇ ಕರಗುತ್ತವೆ. ಆಗ "ನಿಜವಾಗಿ ಹೀಗಾಗಬೇಕಿತ್ತು" ಅಂತ ಬೋರ್ಡಿನ ಮೇಲೆ ಬರೆಯಬೇಡಿ. ಬರೆದರೆ, ಕಣ್ಣಿಗೆ ಕಂಡದ್ದಕ್ಕಿಂತ ಮಿಸ್ ಹೇಳಿದ್ದೇ ಸರಿ ಅಂತ ಮಕ್ಕಳು ಕಲಿಯುತ್ತಾರೆ. ಏನಾಯಿತೋ ಅದನ್ನೇ ಬರೆದು, ಮೋಸದ ಪಟ್ಟಿ ತೆಗೆದು ನೋಡಿಸಿ. ಸ್ವೆಟರ್ ತೆಳ್ಳಗಿತ್ತಾ, ಯಾರಾದರೂ ಕೈಯಲ್ಲಿ ಹಿಡಿದುಕೊಂಡಿದ್ದರಾ, ಬಿಸಿಲಿಗೆ ಬಿತ್ತಾ?

ನಿಮಗೆ ಗೊತ್ತಿಲ್ಲದ ಪ್ರಶ್ನೆ ದಿನಾ ಬರುತ್ತದೆ. "ಗೊತ್ತಿಲ್ಲ, ಹೇಗೆ ತಿಳ್ಕೊಳ್ಳೋಣ?" ಅನ್ನಿ. ಅದಕ್ಕೊಂದು ಡಬ್ಬಿ ಇಡಿ, ಚೀಟಿ ಬರೆದು ಹಾಕಲಿ. ವಾರಕ್ಕೊಂದು ತೆಗೆಯಿರಿ.

ಕಲಿತರೋ ಇಲ್ಲವೋ

"ಐಸ್ ಯಾಕೆ ಕರಗಲಿಲ್ಲ?" ಅಂತ ಮರುದಿನ ಕೇಳಿದರೆ ಎಲ್ಲರೂ ಸರಿ ಉತ್ತರ ಹೇಳುತ್ತಾರೆ. ಅದು ನೆನಪು. ಎರಡು ವಾರ ಬಿಟ್ಟು ಅದೇ ಪ್ರಶ್ನೆಯನ್ನು ಬೇರೆ ವೇಷದಲ್ಲಿ ಕೇಳಿ. ಈ ಸಲ ಎರಡು ಬಾಟಲಿ ಬಿಸಿನೀರು, ಒಂದಕ್ಕೆ ಸ್ವೆಟರ್. ಯಾವುದು ಬೇಗ ಆರುತ್ತದೆ?

"ಸ್ವೆಟರ್ ತಡೆಯುತ್ತೆ, ಹಾಗಾಗಿ ಬಿಸಿ ಒಳಗೇ ಇರುತ್ತೆ" ಅನ್ನುವ ಮಗುವಿಗೆ ವಿಷಯ ದಕ್ಕಿದೆ. "ಸ್ವೆಟರ್ ಸುತ್ತಿದ್ದೇ ಬೇಗ ತಣ್ಣಗಾಗುತ್ತೆ, ಅವತ್ತು ಐಸನ್ನ ತಣ್ಣಗೇ ಇಟ್ಟಿತ್ತಲ್ಲ" ಅನ್ನುವವರೂ ಇರುತ್ತಾರೆ. ಇವರು ಹಳೇ ತಪ್ಪು ಬಿಟ್ಟು ಹೊಸ ತಪ್ಪು ಕಟ್ಟಿಕೊಂಡಿದ್ದಾರೆ. ಸ್ವೆಟರ್ ಬಿಸಿ ಮಾಡುತ್ತದೆ ಅನ್ನುತ್ತಿದ್ದವರು ಈಗ ಸ್ವೆಟರ್ ತಂಪು ಮಾಡುತ್ತದೆ ಅನ್ನುತ್ತಿದ್ದಾರೆ. ಮುಂದೆ ಸಾಗಿದ್ದಾರೆ, ಅನುಮಾನವಿಲ್ಲ. ಅವರಿಗೆ ಮತ್ತೆ ಅದೇ ಕ್ರಮ: ಚೀಟಿ ಕೊಡಿ, ಊಹೆ ಬರೆಸಿ, ಎರಡೂ ಬಾಟಲಿಗೆ ಕೈ ತಡೆಯುವಷ್ಟೇ ಬಿಸಿಯ ನೀರು ತುಂಬಿ ಮುಚ್ಚಳ ಭದ್ರ ಮಾಡಿ. ಅರ್ಧ ಗಂಟೆ ಬಿಟ್ಟು ಒಬ್ಬೊಬ್ಬರಾಗಿ ಬಂದು ಒಂದು ಕೈ ಆ ಬಾಟಲಿಗೆ, ಇನ್ನೊಂದು ಕೈ ಈ ಬಾಟಲಿಗೆ ಇಡಲಿ.